ನಿವೃತ್ತ ನೌಕೆಗೆ ನೆಲೆ ಎಲ್ಲಿ?

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಒಂದು ಯುದ್ಧನೌಕೆ ನಿಂತಿದೆ. ಅದರ ಕೆಳಗೆ ನೀರಿಲ್ಲ, ಅದಕ್ಕೆ ಲಂಗರು ಬೇಕಿಲ್ಲ. ಹೆದ್ದಾರಿಯಲ್ಲಿ ಗೋವಾದ ಕಡೆ ಹೋಗುವವರು ವಾಹನ ನಿಲ್ಲಿಸಿ, ಮಕ್ಕಳ ಕೈ ಹಿಡಿದು ಏಣಿ ಹತ್ತಿ ಅದರೊಳಗೆ ಇಳಿಯುತ್ತಾರೆ. ನೌಕಾಪಡೆಯ ದಾಖಲೆಗಳಲ್ಲಿ ಅದರ ಹೆಸರು ಐ.ಎನ್.ಎಸ್. ಚಪಲ್, ಊರಿನವರ ಬಾಯಲ್ಲಿ ಅದು ‘ಚಾಪೆಲ್’. 1976ರಲ್ಲಿ ಸೇವೆಗೆ ಸೇರಿದ ಈ ಕ್ಷಿಪಣಿ ದೋಣಿ 2005ರ ಮೇ ತಿಂಗಳಲ್ಲಿ ನಿವೃತ್ತಿ ಹೊಂದಿತು. ಮರುವರ್ಷವೇ ಕಾರವಾರದ ದಡದಲ್ಲಿ ವಸ್ತುಸಂಗ್ರಹಾಲಯವಾಯಿತು.

ಇದೇ ಕಾರವಾರದ ಕದಂಬ ನೌಕಾನೆಲೆಗೆ 2014ರ ಜನವರಿಯಲ್ಲಿ ಒಂದು ದೊಡ್ಡ ಅತಿಥಿ ಬಂದಿಳಿಯಿತು. ರಷ್ಯಾದಿಂದ ತಂದ ವಿಮಾನವಾಹಕ ನೌಕೆ ವಿಕ್ರಮಾದಿತ್ಯ ಅದು. ಅದೇ ತಿಂಗಳು ಮುಂಬಯಿಯಲ್ಲಿ ಇನ್ನೊಂದು ವಿಮಾನವಾಹಕ ನೌಕೆಯ ಹಣೆಬರಹ ನಿರ್ಧಾರವಾಗುತ್ತಿತ್ತು. ದೇಶದ ಮೊದಲ ವಿಮಾನವಾಹಕ ನೌಕೆ ಐ.ಎನ್.ಎಸ್. ವಿಕ್ರಾಂತ್ ಅನ್ನು ಗುಜರಿಗೆ ಹಾಕಬಾರದು ಎಂದು ಸಲ್ಲಿಸಿದ್ದ ಅರ್ಜಿಯನ್ನು ಬಾಂಬೆ ಹೈಕೋರ್ಟ್ ವಜಾ ಮಾಡಿತು. ಆ ವರ್ಷ ಮುಗಿಯುವ ಮೊದಲೇ ಮುಂಬಯಿಯ ದಾರೂಖಾನಾದಲ್ಲಿ ಗ್ಯಾಸ್ ಕಟರ್‌ಗಳು ಅದನ್ನು ತುಂಡು ಮಾಡತೊಡಗಿದವು.

ಸುಮಾರು 245 ಟನ್ ತೂಕದ ಪುಟ್ಟ ಚಾಪೆಲ್ ಉಳಿಯಿತು. ಯುದ್ಧವನ್ನೇ ಕಂಡ ವಿಕ್ರಾಂತ್ ಉಳಿಯಲಿಲ್ಲ. ಯಾಕೆ ಹೀಗಾಯಿತು? ‘ನಮಗೆ ಇತಿಹಾಸದ ಬಗ್ಗೆ ಕಾಳಜಿಯಿಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ಸುಲಭ. ಆದರೆ ನಿವೃತ್ತ ಹಡಗನ್ನು ಉಳಿಸಿಕೊಳ್ಳುವುದು ಕಾಳಜಿಯಿಂದ ಮಾತ್ರ ಆಗುವ ಕೆಲಸವಲ್ಲ. ಅದರ ಹಿಂದೆ ಕಬ್ಬಿಣ, ಉಪ್ಪುನೀರು, ಜಾಗ ಮತ್ತು ಹಣದ ಲೆಕ್ಕಾಚಾರವಿದೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಲದ ಲೆಕ್ಕಾಚಾರವಿದೆ.

ವಿಕ್ರಾಂತ್ ಕಾದ 17 ವರ್ಷ

ವಿಕ್ರಾಂತ್ ಹುಟ್ಟಿದ್ದು ಬ್ರಿಟನ್ನಿನಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ. ಆಗ ಅದರ ಹೆಸರು ಹರ್ಕ್ಯುಲಿಸ್. 1945ರಲ್ಲಿ ನೀರಿಗಿಳಿದರೂ ಯುದ್ಧ ಮುಗಿದದ್ದರಿಂದ ಕೆಲಸ ಅರ್ಧಕ್ಕೇ ನಿಂತಿತು. 1957ರಲ್ಲಿ ಭಾರತ ಅದನ್ನು ಕೊಂಡುಕೊಂಡಿತು. ಬೆಲ್‌ಫಾಸ್ಟ್‌ನ ಹಡಗುಕಟ್ಟೆಯಲ್ಲಿ ಪೂರ್ಣಗೊಂಡ ನೌಕೆಯನ್ನು 1961ರ ಮಾರ್ಚ್ 4ರಂದು ವಿಜಯಲಕ್ಷ್ಮಿ ಪಂಡಿತ್ ಸೇವೆಗೆ ಸಮರ್ಪಿಸಿದರು. ಅದೇ ನವೆಂಬರಿನಲ್ಲಿ ಅದು ಮುಂಬಯಿಗೆ ಬಂದಾಗ ಬರಮಾಡಿಕೊಂಡವರು ಪ್ರಧಾನಿ ಜವಾಹರಲಾಲ್ ನೆಹರೂ.

1971ರ ಯುದ್ಧದ ಹೊತ್ತಿಗೆ ಅದರ ಒಂದು ಬಾಯ್ಲರ್ ಬಿರುಕು ಬಿಟ್ಟಿತ್ತು, ಪೂರ್ಣ ವೇಗದಲ್ಲಿ ಓಡುವಂತಿರಲಿಲ್ಲ. ಹಾಗಿದ್ದೂ ಬಂಗಾಳ ಕೊಲ್ಲಿಗೆ ಹೋದ ವಿಕ್ರಾಂತ್‌ನಿಂದ ಹಾರಿದ ವಿಮಾನಗಳು ಚಿತ್ತಗಾಂಗ್ ಮತ್ತು ಕಾಕ್ಸ್ ಬಜಾರ್ ಮೇಲೆ ದಾಳಿ ನಡೆಸಿದವು. ಬಾಂಗ್ಲಾದೇಶದ ಉದಯದ ಕಥೆಯಲ್ಲಿ ಈ ನೌಕೆಗೆ ಸ್ಥಾನ ಸಿಕ್ಕಿದ್ದು ಹೀಗೆ.

1997ರ ಜನವರಿ 31ರಂದು ವಿಕ್ರಾಂತ್ ನಿವೃತ್ತವಾಯಿತು. ಅದನ್ನು ವಸ್ತುಸಂಗ್ರಹಾಲಯವಾಗಿ ಉಳಿಸಬೇಕು ಎಂಬುದಕ್ಕೆ ಯಾರದೂ ತಕರಾರು ಇರಲಿಲ್ಲ. ನೌಕಾಪಡೆ ಮುಂಬಯಿಯ ತನ್ನ ಧಕ್ಕೆಯಲ್ಲೇ ಅದನ್ನು ಕಟ್ಟಿ ನಿಲ್ಲಿಸಿ, 2001ರಿಂದ ಸಾರ್ವಜನಿಕರಿಗೆ ಆಗಾಗ ತೆರೆದು ತೋರಿಸಿತು. ಕಾಯಂ ನೆಲೆ ಒದಗಿಸಬೇಕಾದದ್ದು ಮಹಾರಾಷ್ಟ್ರ ಸರಕಾರ. ಯೋಜನೆಗಳು ಒಂದರ ಮೇಲೊಂದು ಬಂದವು, ಸರಕಾರಗಳು ಬದಲಾದವು, ಹಣ ಹೂಡುವ ಪಾಲುದಾರರು ಸಿಗಲಿಲ್ಲ. 2012ರಲ್ಲಿ, ಜನರನ್ನು ಒಳಗೆ ಬಿಡುವುದು ಸುರಕ್ಷಿತವಲ್ಲ ಎಂದು ಬಾಗಿಲು ಹಾಕಲಾಯಿತು. 2013ರ ಡಿಸೆಂಬರಿನಲ್ಲಿ ಹರಾಜು ನಡೆದು, ಸುಮಾರು 60 ಕೋಟಿ ರೂಪಾಯಿಗೆ ನೌಕೆ ಗುಜರಿ ವ್ಯಾಪಾರಿಯ ಪಾಲಾಯಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2014ರ ಆಗಸ್ಟ್‌ನಲ್ಲಿ ಅಲ್ಲಿಯೂ ಒಡೆಯಲು ಅಡ್ಡಿಯಿಲ್ಲವೆಂದಾಯಿತು.

ನಿವೃತ್ತಿಯಿಂದ ಹರಾಜಿನವರೆಗೆ ಸುಮಾರು 17 ವರ್ಷ. ವಿಕ್ರಾಂತ್ ಅನ್ನು ಮುಗಿಸಿದ್ದು ಈ ಕಾಯುವಿಕೆಯೇ.

ಕೋಟೆಯಲ್ಲ, ಹಡಗು

ಚಿತ್ರದುರ್ಗದ ಕೋಟೆಯನ್ನು 20 ವರ್ಷ ಯಾರೂ ನೋಡಿಕೊಳ್ಳಲಿಲ್ಲ ಎಂದಿಟ್ಟುಕೊಳ್ಳಿ. ಗಿಡಗಂಟಿ ಬೆಳೆದೀತು, ಒಂದೆರಡು ಕಲ್ಲು ಉರುಳೀತು. ಕೋಟೆ ಮಾತ್ರ ಅಲ್ಲೇ ಇರುತ್ತದೆ. ಹಡಗಿನ ಮಾತು ಬೇರೆ. ಅದು ಉಕ್ಕಿನ ತಗಡುಗಳನ್ನು ಬೆಸೆದು ಮಾಡಿದ ಟೊಳ್ಳು ಪಾತ್ರೆ. ತಗಡಿನ ದಪ್ಪ ಅನೇಕ ಕಡೆ ಬೆರಳಿನ ದಪ್ಪದಷ್ಟೂ ಇರುವುದಿಲ್ಲ. ಉಕ್ಕಿಗೆ ನೀರು ಮತ್ತು ಗಾಳಿ ಸೇರಿದರೆ ತುಕ್ಕು. ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ಈ ಕ್ರಿಯೆ ಇನ್ನೂ ಚುರುಕಾಗುತ್ತದೆ. ಅಲೆ ಬಡಿದು ಹಿಂದೆ ಸರಿಯುವ ಜಾಗದಲ್ಲಿ, ಅಂದರೆ ನೀರೂ ಗಾಳಿಯೂ ಸರದಿಯಂತೆ ತಾಗುವ ಪಟ್ಟಿಯಲ್ಲಿ, ತುಕ್ಕಿನ ಹಾವಳಿ ಎಲ್ಲಕ್ಕಿಂತ ಹೆಚ್ಚು.

ಹಡಗು ಸೇವೆಯಲ್ಲಿರುವಾಗ ಇದಕ್ಕೆ ಮದ್ದುಂಟು. ತಳಕ್ಕೆ ಸತುವಿನ ಗಟ್ಟಿಗಳನ್ನು ಜೋಡಿಸುತ್ತಾರೆ. ಉಕ್ಕಿಗಿಂತ ಮೊದಲು ಸತು ಸವೆಯುತ್ತದೆ, ಉಕ್ಕು ಉಳಿಯುತ್ತದೆ. ಕೆಲವು ವರ್ಷಗಳಿಗೊಮ್ಮೆ ಹಡಗನ್ನು ಡ್ರೈ ಡಾಕ್‌ಗೆ ತರುತ್ತಾರೆ. ಡ್ರೈ ಡಾಕ್ ಎಂದರೆ ಬಾಗಿಲು ಮುಚ್ಚಿ ನೀರನ್ನೆಲ್ಲ ಹೊರಹಾಕಬಹುದಾದ ದೊಡ್ಡ ಕಟ್ಟೆಗುಂಡಿ. ಅಲ್ಲಿ ತಳಕ್ಕೆ ಅಂಟಿದ ಚಿಪ್ಪು, ಪಾಚಿಗಳನ್ನು ಕೆರೆದು, ಸವೆದ ತಗಡು ಬದಲಿಸಿ, ಬಣ್ಣ ಬಳಿದು ಮತ್ತೆ ನೀರಿಗೆ ಬಿಡುತ್ತಾರೆ. ಒಳಗೆ ನೂರಾರು ನಾವಿಕರು ಹಗಲೂ ರಾತ್ರಿ ಉಜ್ಜುತ್ತ, ಒರೆಸುತ್ತ, ಎಣ್ಣೆ ಹಾಕುತ್ತ ಇರುತ್ತಾರೆ.

ನಿವೃತ್ತಿಯ ದಿನ ಧ್ವಜ ಇಳಿಯುತ್ತದೆ, ಈ ಕೈಗಳೆಲ್ಲ ಒಂದೇ ಸಲ ಹೊರಟುಹೋಗುತ್ತವೆ. ತುಕ್ಕಿಗೆ ಮಾತ್ರ ನಿವೃತ್ತಿಯಿಲ್ಲ. ಎಂಜಿನ್ ನಿಂತ ಮೇಲೆ ಒಳಗೆ ಗಾಳಿಯಾಡುವುದಿಲ್ಲ, ಕೋಣೆಗಳಲ್ಲಿ ತೇವ ಕಟ್ಟುತ್ತದೆ. ಸಂದುಗಳಲ್ಲಿ ನಿಂತ ಮಳೆನೀರು ಒಳಗಿನಿಂದಲೇ ತಗಡನ್ನು ತಿನ್ನುತ್ತದೆ. ಹೊರಗಿನಿಂದ ಬಣ್ಣ ಚೆನ್ನಾಗಿ ಕಂಡರೂ ಒಳಗೆ ಜರಡಿಯಾಗಿರಬಹುದು.

ಇದರ ಜೊತೆಗೆ ವಿಷದ ಸಮಸ್ಯೆಯೂ ಇದೆ. ಕಳೆದ ಶತಮಾನದ ಮಧ್ಯಭಾಗದ ಹಡಗುಗಳಲ್ಲಿ ಬಿಸಿ ಕೊಳವೆಗಳಿಗೆ ಕಲ್ನಾರು ಸುತ್ತುತ್ತಿದ್ದರು. ಆ ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕ. ಹಳೆಯ ಬಣ್ಣದಲ್ಲಿ ಸೀಸ, ಟ್ಯಾಂಕುಗಳಲ್ಲಿ ಎಣ್ಣೆಯ ಗಸಿ. ಶಾಲಾ ಮಕ್ಕಳನ್ನು ಒಳಗೆ ಬಿಡುವ ಮೊದಲು ಇವನ್ನೆಲ್ಲ ತೆಗೆಯಬೇಕು. ಯುದ್ಧಕ್ಕಾಗಿ ಕಟ್ಟಿದ ಕಡಿದಾದ ಏಣಿ, ಕಿರಿದಾದ ಬಾಗಿಲುಗಳ ನಡುವೆ ಬೆಂಕಿ ಬಿದ್ದರೆ ಜನ ಹೊರಬರುವ ದಾರಿಯನ್ನೂ ಮಾಡಬೇಕು. ಹಡಗು ಮ್ಯೂಸಿಯಂ ಆಗುವುದೆಂದರೆ ಬಣ್ಣ ಬಳಿದು ಟಿಕೆಟ್ ಕೊಡುವುದಷ್ಟೇ ಅಲ್ಲ.

ದಡಕ್ಕೆ ಎಳೆಯುವ ಸಾಹಸ

ನೀರಿನಲ್ಲಿಟ್ಟರೆ ತುಕ್ಕು ಹಿಡಿಯುತ್ತದೆ ಎಂದಾದರೆ ಮೇಲಕ್ಕೆ ಎಳೆದು ನಿಲ್ಲಿಸಬಾರದೇಕೆ? ಈ ಪ್ರಶ್ನೆಗೆ ಉತ್ತರ ಹಡಗಿನ ರಚನೆಯಲ್ಲೇ ಇದೆ. ಸಮುದ್ರದಲ್ಲಿ ನೀರು ಹಡಗನ್ನು ತಳದುದ್ದಕ್ಕೂ ಅಂಗೈಯಲ್ಲಿ ಹೊತ್ತಂತೆ ಹೊರುತ್ತದೆ. ನೆಲದ ಮೇಲೆ ಇಟ್ಟಾಗ ಇಡೀ ಭಾರ ಕೆಲವೇ ಕಡೆ ಬೀಳುತ್ತದೆ. ಆಸರೆ ಸರಿಯಾಗಿಲ್ಲದಿದ್ದರೆ ನಡು ಬಾಗುತ್ತದೆ, ಬೆಸುಗೆ ಬಿರುಕು ಬಿಡುತ್ತದೆ. ಹಾಗಾಗಿ ಹಡಗಿನ ತಳದ ಆಕಾರಕ್ಕೆ ಹೊಂದುವ ಭದ್ರವಾದ ತೊಟ್ಟಿಲು ಮೊದಲು ಬೇಕು.

ಚಾಪೆಲ್ ಪಕ್ಕದಲ್ಲೇ ಈಗ ನೌಕಾಪಡೆಯ ನಿವೃತ್ತ ಟುಪೊಲೆವ್ ವಿಮಾನವೂ ಇದೆ. ಅದನ್ನು ತಮಿಳುನಾಡಿನ ಅರಕ್ಕೋಣಂನಿಂದ ಬಿಡಿಭಾಗಗಳಾಗಿ ಕಳಚಿ, ಲಾರಿಗಳಲ್ಲಿ ತಂದು ಮತ್ತೆ ಜೋಡಿಸಲಾಯಿತು. ಹಡಗಿಗೆ ಈ ಅನುಕೂಲವಿಲ್ಲ. ಕತ್ತರಿಸಿದರೆ ಅದು ಗುಜರಿ, ಕತ್ತರಿಸದಿದ್ದರೆ ಇಡಿಯಾಗಿಯೇ ಬರಬೇಕು. ಬರುವ ದಾರಿಯಲ್ಲಿ ಆಳ ಸಾಕಷ್ಟಿರಬೇಕು, ಉಬ್ಬರ ಕೂಡಿಬರಬೇಕು, ಗಾಳಿ ಸುಮ್ಮನಿರಬೇಕು.

ವಿಶಾಖಪಟ್ಟಣದ ರಾಮಕೃಷ್ಣ ಬೀಚ್‌ನಲ್ಲಿರುವ ಜಲಾಂತರ್ಗಾಮಿ ಐ.ಎನ್.ಎಸ್. ಕುರ್ಸುರಾ ಇಂಥ ಸಾಹಸದ ಫಲ. ಸೋವಿಯತ್ ಒಕ್ಕೂಟದಿಂದ ಬಂದು 1969ರಲ್ಲಿ ಸೇವೆಗೆ ಸೇರಿದ, 91 ಮೀಟರ್ ಉದ್ದದ ಈ ನೌಕೆ 31 ವರ್ಷ ದುಡಿದು 2001ರ ಫೆಬ್ರುವರಿ 27ರಂದು ನಿವೃತ್ತವಾಯಿತು. ಅದನ್ನು ಸಮುದ್ರದಿಂದ ಮರಳಿನ ಮೇಲಕ್ಕೆ ಎಳೆದು ತಂದು ಕಾಂಕ್ರೀಟ್ ಅಡಿಪಾಯದ ಮೇಲೆ ಕೂರಿಸಲಾಯಿತು. ಸುಮಾರು ಐದೂವರೆ ಕೋಟಿ ರೂಪಾಯಿ ಖರ್ಚಾಯಿತು. 2002ರ ಆಗಸ್ಟ್‌ನಲ್ಲಿ ಆಗಿನ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅದನ್ನು ನಾಡಿಗೆ ಅರ್ಪಿಸಿದರು.

ಇಲ್ಲಿ ಗಮನಿಸಬೇಕಾದದ್ದು ನಿವೃತ್ತಿಯಿಂದ ಉದ್ಘಾಟನೆಗೆ ಹಿಡಿದ ಕಾಲ: 18 ತಿಂಗಳು. ಅಷ್ಟರಲ್ಲಿ ಜಾಗ, ಹಣ, ನೋಡಿಕೊಳ್ಳುವ ಸಂಸ್ಥೆ ಮೂರೂ ಗೊತ್ತಾಗಿದ್ದವು. ಊರಿನ ನಗರಾಭಿವೃದ್ಧಿ ಪ್ರಾಧಿಕಾರ ಹೊಣೆ ಹೊತ್ತಿತು. ನೌಕಾಪಡೆಯ ನಿವೃತ್ತ ಸಿಬ್ಬಂದಿಯೇ ಮಾರ್ಗದರ್ಶಿಗಳಾದರು. ತುಕ್ಕು ಕೆಲಸ ಶುರುಮಾಡುವ ಮೊದಲೇ ಮನುಷ್ಯರು ಶುರುಮಾಡಿದ್ದರು.

ಮನೆಗೆ ಮರಳಿದ ‘ಗ್ರೇಟ್ ಬ್ರಿಟನ್’

ತಡವಾದರೂ ಉಳಿದ ಹಡಗುಗಳಿಲ್ಲವೆ? ಇವೆ. ಅವುಗಳಲ್ಲಿ ಪ್ರಸಿದ್ಧವಾದದ್ದು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ‘ಗ್ರೇಟ್ ಬ್ರಿಟನ್’. ಎಂಜಿನಿಯರ್ ಬ್ರುನೆಲ್ ರೂಪಿಸಿದ ಈ ಕಬ್ಬಿಣದ ಹಡಗು 1843ರ ಜುಲೈ 19ರಂದು ನೀರಿಗಿಳಿಯಿತು. ಸಾಗರ ದಾಟುವ ಹಡಗಿಗೆ ಕಬ್ಬಿಣದ ಒಡಲನ್ನೂ ತಿರುಗುವ ಪ್ರೊಪೆಲರನ್ನೂ ಒಟ್ಟಿಗೆ ಕೊಟ್ಟ ಮೊದಲ ಪ್ರಯೋಗ ಅದು. ಕಾಲಾಂತರದಲ್ಲಿ ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲೆಂಡ್ ದ್ವೀಪಗಳಲ್ಲಿ ತೇಲುವ ಉಗ್ರಾಣವಾಗಿ ದುಡಿದು, 1937ರಲ್ಲಿ ಅಲ್ಲಿನ ಒಂದು ಕೊಲ್ಲಿಯಲ್ಲಿ ತ್ಯಜಿಸಲ್ಪಟ್ಟಿತು.

1970ರಲ್ಲಿ ಬ್ರಿಟನ್ನಿನ ಉತ್ಸಾಹಿಗಳ ತಂಡ ಅದನ್ನು ಮನೆಗೆ ತರಲು ಹೊರಟಿತು. ಸರ್ ಜ್ಯಾಕ್ ಹೇವರ್ಡ್ ಎಂಬ ಶ್ರೀಮಂತರು ಹಣ ಕೊಟ್ಟರು. ಹಡಗಿನ ಪಕ್ಕದಲ್ಲಿ ದೊಡ್ಡ ಬಿರುಕಿತ್ತು. ಅದಕ್ಕೆ ಹಾಸಿಗೆಗಳನ್ನು ತುರುಕಿ ನೀರು ತಡೆದರು. ಆಮೇಲೆ ಮಾಡಿದ್ದು ಬುದ್ಧಿವಂತ ಕೆಲಸ. ಚಪ್ಪಟೆಯಾದ ದೊಡ್ಡ ತೆಪ್ಪವೊಂದಕ್ಕೆ ನೀರು ತುಂಬಿಸಿ ಮುಳುಗಿಸಿದರು, ಹಡಗನ್ನು ಅದರ ಮೇಲಕ್ಕೆ ತಂದರು, ಬಳಿಕ ತೆಪ್ಪದೊಳಗಿನ ನೀರನ್ನು ಪಂಪ್ ಮಾಡಿ ಹೊರಹಾಕಿದರು. ತೆಪ್ಪ ಮೇಲೆದ್ದಾಗ ಹಡಗೂ ಅದರ ಬೆನ್ನೇರಿ ಎದ್ದಿತು. ಹೀಗೆ ಅಟ್ಲಾಂಟಿಕ್ ಸಾಗರವನ್ನು ದಾಟಿ ಬಂದ ಹಡಗು, ಉಬ್ಬರಕ್ಕೆ ಕಾದು, ತಾನು ಹುಟ್ಟಿದ ಅದೇ ಡ್ರೈ ಡಾಕನ್ನು 1970ರ ಜುಲೈ 19ರಂದು ಸೇರಿತು. ನೀರಿಗಿಳಿದು ಅಂದಿಗೆ ಸರಿಯಾಗಿ 127 ವರ್ಷ.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ 1998ರಲ್ಲಿ ಪರೀಕ್ಷಿಸಿದಾಗ, ನೀರಿನಿಂದ ಹೊರಗಿದ್ದರೂ ಹಡಗು ತುಕ್ಕು ಹಿಡಿಯುತ್ತಲೇ ಇದೆ ಎಂಬುದು ಗೊತ್ತಾಯಿತು. ಶತಮಾನಕ್ಕೂ ಮಿಕ್ಕಿ ಕಡಲಿನಲ್ಲಿದ್ದ ಕಬ್ಬಿಣದೊಳಗೆ ಉಪ್ಪಿನ ಅಂಶ ಇಳಿದುಬಿಟ್ಟಿತ್ತು. ಇಂಗ್ಲೆಂಡಿನ ತೇವದ ಗಾಳಿಯೇ ಅದಕ್ಕೆ ಸಾಕಾಗಿತ್ತು. ತಜ್ಞರು ಕಂಡುಕೊಂಡ ಉಪಾಯ ಒಂದೇ: ಹಡಗಿನ ಸುತ್ತ ಮರುಭೂಮಿಯಂಥ ಒಣ ಹವೆಯನ್ನು ಸೃಷ್ಟಿಸುವುದು. ನೀರಿನ ಮಟ್ಟ ಇರಬೇಕಾದ ಕಡೆ ಸುತ್ತಲೂ ಗಾಜಿನ ಹಲಗೆ ಕೂರಿಸಿ, ಅದರ ಕೆಳಗಿನ ಗಾಳಿಯ ತೇವವನ್ನು ಯಂತ್ರಗಳಿಂದ ಶೇ. 20ಕ್ಕೆ ಇಳಿಸಿದರು. ಗಾಜಿನ ಮೇಲೆ ತೆಳುವಾಗಿ ನೀರು ಹರಿಯುತ್ತದೆ. ಮೇಲಿನಿಂದ ನೋಡುವವರಿಗೆ ಹಡಗು ತೇಲುತ್ತಿರುವಂತೆ ಕಾಣುತ್ತದೆ. ಕೆಳಗಿಳಿದರೆ ಒಣಗಿದ ತಳ. 2005ರಿಂದ ಈ ವ್ಯವಸ್ಥೆ ಇದೆ. ಆ ಯಂತ್ರಗಳು ನಡೆಯುತ್ತಿರುವವರೆಗೆ ಮಾತ್ರ ಹಡಗು ಉಳಿಯುತ್ತದೆ.

ಅಮೆರಿಕದ ‘ಟೆಕ್ಸಾಸ್’ ಯುದ್ಧನೌಕೆ ಇನ್ನೊಂದು ಪಾಠ. 1914ರಲ್ಲಿ ಸೇವೆಗೆ ಬಂದು ಎರಡೂ ಮಹಾಯುದ್ಧಗಳನ್ನು ಕಂಡ ಅದು 1948ರಿಂದ ಮ್ಯೂಸಿಯಂ. ನೀರಿನಲ್ಲೇ ನಿಂತಿದ್ದ ಅದರ ತಳ ಸೋರತೊಡಗಿ, ಮುಳುಗದಂತೆ ಪಂಪ್‌ಗಳನ್ನು ಓಡಿಸುತ್ತಲೇ ಇರಬೇಕಾಯಿತು. ಕೊನೆಗೆ ಟೆಕ್ಸಾಸ್ ರಾಜ್ಯದ ಶಾಸನಸಭೆ 2019ರಲ್ಲಿ 3.5 ಕೋಟಿ ಡಾಲರ್ ಮಂಜೂರು ಮಾಡಿತು. 2022ರ ಆಗಸ್ಟ್ 31ರಂದು ಅದನ್ನು ಗ್ಯಾಲ್ವಸ್ಟನ್ನಿನ ಡ್ರೈ ಡಾಕ್‌ಗೆ ಎಳೆದೊಯ್ದರು. ಸಿರಿವಂತ ದೇಶವೂ ಇಲ್ಲಿ ಕೈ ಹಿಸುಕಿಕೊಳ್ಳುತ್ತದೆ.

ಸತ್ತ ಆನೆಯ ಬೆಲೆ

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಗಾದೆಯಿದೆ. ಹಡಗಿನ ವಿಷಯದಲ್ಲಿ ಸತ್ತ ಆನೆಗೇ ಬೆಲೆ ಹೆಚ್ಚು. ಒಡೆದರೆ ಉಕ್ಕು, ತಾಮ್ರ, ಹಿತ್ತಾಳೆ ಎಲ್ಲಕ್ಕೂ ಕೂಡಲೇ ಗಿರಾಕಿಯುಂಟು. ಉಳಿಸಿದರೆ ಆ ಹಣ ಬರುವುದಿಲ್ಲ, ಮೇಲಾಗಿ ಪ್ರತಿ ವರ್ಷ ಕೈಯಿಂದ ಹೋಗುತ್ತದೆ.

ವಿಕ್ರಾಂತ್ ನಂತರ ನಿವೃತ್ತವಾದ ವಿಮಾನವಾಹಕ ನೌಕೆ ವಿರಾಟ್‌ನ ಕಥೆಯಲ್ಲಿ ಈ ಲೆಕ್ಕ ಎದ್ದು ಕಾಣುತ್ತದೆ. ಬ್ರಿಟನ್ನಿನಲ್ಲಿ ಹರ್ಮಿಸ್ ಎಂಬ ಹೆಸರಿನಲ್ಲಿದ್ದು, 1987ರಿಂದ ಭಾರತದಲ್ಲಿ ದುಡಿದ ಅದು 2017ರ ಮಾರ್ಚ್ 6ರಂದು ನಿವೃತ್ತವಾಯಿತು. ಅದನ್ನು ಸಿಂಧುದುರ್ಗ ಜಿಲ್ಲೆಯ ನಿವತಿ ಬಳಿ ಮ್ಯೂಸಿಯಂ ಮಾಡುವ ಯೋಜನೆಗೆ ಮಹಾರಾಷ್ಟ್ರ ಸಂಪುಟ 2018ರಲ್ಲಿ ಒಪ್ಪಿಗೆ ಕೊಟ್ಟಾಗ ಅಂದಾಜು ವೆಚ್ಚ 852 ಕೋಟಿ ರೂಪಾಯಿ. ಗುಜರಿಗೆ ಮಾರಾಟವಾದಾಗ ಬಂದದ್ದು 38.54 ಕೋಟಿ. 2020ರ ಸೆಪ್ಟೆಂಬರಿನಲ್ಲಿ ಗುಜರಾತಿನ ಅಲಂಗ್ ದಡಕ್ಕೆ ಅದನ್ನು ಏರಿಸಲಾಯಿತು. ಖಾಸಗಿ ಸಂಸ್ಥೆಯೊಂದು ಮ್ಯೂಸಿಯಂ ಮಾಡುತ್ತೇನೆಂದು ಮುಂದೆ ಬಂದು, 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನಿಂದ ತಡೆ ಸಿಕ್ಕಿತು. ಆದರೆ ಏಪ್ರಿಲ್‌ನಲ್ಲಿ ವಿಚಾರಣೆಗೆ ಬಂದಾಗ ನೌಕೆಯ ಶೇ. 40ರಷ್ಟು ಭಾಗ ಆಗಲೇ ಕಳಚಿಹೋಗಿತ್ತು. ನ್ಯಾಯಾಲಯ ಮುಂದೆ ಅಡ್ಡಬರಲಿಲ್ಲ. ಇಲ್ಲಿಯೂ ಮನಸ್ಸಿತ್ತು, ಹೊತ್ತು ಮೀರಿತ್ತು.

ಕಾನೂನಿನ ಆಸರೆ ಇಲ್ಲವೆ ಎಂದು ಕೇಳಬಹುದು. ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ, ಸಾಮಾನ್ಯವಾಗಿ 100 ವರ್ಷ ತುಂಬಿದ ವಸ್ತುವಷ್ಟೇ ‘ಪುರಾತನ’. ದೇವರ ವಿಗ್ರಹಕ್ಕೆ, ತಾಮ್ರಪಟಕ್ಕೆ ಈ ಅಳತೆ ಸರಿ. ಉಕ್ಕಿನ ಹಡಗು ಆರೈಕೆಯಿಲ್ಲದೆ 100 ವರ್ಷ ಬದುಕುವುದೇ ಇಲ್ಲ. ವಿಕ್ರಾಂತ್ ಒಡೆಯಲ್ಪಟ್ಟಾಗ ಅದು ನೀರಿಗಿಳಿದು 69 ವರ್ಷವಾಗಿತ್ತು. ಬ್ರಿಟನ್ನಿನಲ್ಲಿ 50 ವರ್ಷ ದಾಟಿದ ಹಡಗುಗಳನ್ನು ಗುರುತಿಸಿ ದಾಖಲಿಸುವ ರಾಷ್ಟ್ರೀಯ ಪಟ್ಟಿಯೇ ಇದೆ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಹಡಗು ಉಳಿಯುತ್ತದೆ ಎಂದಲ್ಲ. ಆದರೆ ಯಾವುದನ್ನು ಉಳಿಸಬೇಕು ಎಂಬ ಮಾತುಕತೆ ಹರಾಜಿನ ಪ್ರಕಟಣೆಗೆ ಕಾಯದೆ ಶುರುವಾಗುತ್ತದೆ.

ಎಲ್ಲವನ್ನೂ ಉಳಿಸಬೇಕೆ?

ನಿವೃತ್ತವಾಗುವ ಪ್ರತಿಯೊಂದು ನೌಕೆಯನ್ನೂ ದಡಕ್ಕೆ ತಂದು ನಿಲ್ಲಿಸುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಇಡಿಯಾಗಿ ಉಳಿಸಲಾಗದಾಗ ಬೇರೆ ದಾರಿಗಳಿವೆ. ವಿಕ್ರಾಂತ್‌ನ ಲೋಹದಿಂದ ಮಾಡಿದ ಸ್ಮಾರಕವೊಂದು 2016ರ ಜನವರಿಯಿಂದ ಮುಂಬಯಿಯ ನೌಕಾನೆಲೆಯ ಹೊರಗೆ ನಿಂತಿದೆ. ಅದೇ ವರ್ಷ ಬಜಾಜ್ ಕಂಪನಿ ವಿಕ್ರಾಂತ್‌ನ ಉಕ್ಕನ್ನು ಬೆರೆಸಿದ ಬೈಕನ್ನು ಮಾರುಕಟ್ಟೆಗೆ ತಂದಿತು. ಅಮೆರಿಕದ ಪ್ರಸಿದ್ಧ ಪ್ರಯಾಣಿಕರ ಹಡಗು ‘ಯುನೈಟೆಡ್ ಸ್ಟೇಟ್ಸ್’ 1996ರಿಂದ ಫಿಲಡೆಲ್ಫಿಯಾದಲ್ಲಿ ಕಟ್ಟಿಹಾಕಿಸಿಕೊಂಡು ನಿಂತಿತ್ತು. ಧಕ್ಕೆಯ ಬಾಡಿಗೆಯ ಜಗಳದಲ್ಲಿ ಅದು ಜಾಗ ಖಾಲಿಮಾಡಬೇಕಾಯಿತು. ಸಮುದ್ರತಳದಲ್ಲಿ ಮೀನುಗಳಿಗೆ ನೆಲೆಯಾಗಲೆಂದು ಮುಳುಗಿಸಲು ಫ್ಲಾರಿಡಾದ ಒಂದು ಕೌಂಟಿ ಅದನ್ನು ಕೊಂಡಿತು. 2025ರ ಫೆಬ್ರುವರಿಯಲ್ಲಿ ಹಡಗು ಫಿಲಡೆಲ್ಫಿಯಾ ಬಿಟ್ಟಿತು.

ಆದರೆ ಸ್ಮಾರಕದ ತುಂಡು ನೋಡುವುದಕ್ಕೂ ಹಡಗಿನೊಳಗೆ ಇಳಿಯುವುದಕ್ಕೂ ವ್ಯತ್ಯಾಸವಿದೆ. ಕುರ್ಸುರಾದ ಇಕ್ಕಟ್ಟಾದ ಓಣಿಯಲ್ಲಿ ತಲೆ ತಗ್ಗಿಸಿ ನಡೆದ ಹುಡುಗನಿಗೆ, ಇದರೊಳಗೆ ಜನ ತಿಂಗಳುಗಟ್ಟಲೆ ಬದುಕಿದ್ದರು ಎಂಬುದು ಯಾವ ಪಾಠ ಓದದೆಯೂ ತಿಳಿಯುತ್ತದೆ. ಅಂಥ ಕೆಲವನ್ನಾದರೂ ಉಳಿಸಿಕೊಳ್ಳಬೇಕಾದದ್ದು ಇದಕ್ಕಾಗಿ.

ಹಾಗೆ ಉಳಿಸಿಕೊಂಡವುಗಳ ಪಟ್ಟಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಚಾಪೆಲ್, ಕುರ್ಸುರಾ, 2021ರ ಡಿಸೆಂಬರಿನಲ್ಲಿ ನಿವೃತ್ತವಾಗಿ ಮರುತಿಂಗಳೇ ದಿಯು ಆಡಳಿತಕ್ಕೆ ಹಸ್ತಾಂತರವಾದ ಖುಕ್ರಿ ಇವೆಲ್ಲ ವಿಮಾನವಾಹಕ ನೌಕೆಗಳ ಮುಂದೆ ಚಿಕ್ಕವು. ಜಾಗ ಸಿಗುವುದು ಸುಲಭ, ಖರ್ಚು ತಡೆಯುವಂಥದ್ದು. ಅದಕ್ಕಿಂತ ಮುಖ್ಯವಾಗಿ, ಧ್ವಜ ಇಳಿಯುವ ಹೊತ್ತಿಗೆ ಅಥವಾ ಇಳಿದ ಬೆನ್ನಿಗೇ ಅವುಗಳಿಗೆ ಹೊಸ ಯಜಮಾನ ಸಿಕ್ಕಿದ್ದ.

ಚಿಕ್ಕವು ಎಂದಮಾತ್ರಕ್ಕೆ ಚಿಂತೆಯಿಲ್ಲ ಎಂದಲ್ಲ. ಕಾರವಾರದಲ್ಲಿ ಜೂನ್ ತಿಂಗಳು ಬಂದರೆ ಕಡಲಿನಿಂದ ಬೀಸುವ ಗಾಳಿಯಲ್ಲೇ ಉಪ್ಪು ಇರುತ್ತದೆ, ಮಳೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಬ್ರಿಸ್ಟಲ್‌ನ ಹಡಗಿಗೆ ಗಾಜಿನ ಸೂರಿದೆ. ಚಾಪೆಲ್‌ಗೆ ಇರುವ ರಕ್ಷಣೆ ಬಣ್ಣವೊಂದೇ. ಬಣ್ಣ ಬಳಿಯುವುದು ಒಂದೆರಡು ವರ್ಷ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಕರಾವಳಿಯ ಜನರಿಗೆ ಹೇಳಿಕೊಡಬೇಕಿಲ್ಲ. ಅವರ ಮನೆಯ ಕಿಟಕಿ ಸರಳುಗಳೇ ಹೇಳುತ್ತವೆ. ಉದ್ಘಾಟನೆಯ ದಿನದ ಖರ್ಚಿಗಿಂತ ಆಮೇಲಿನ ಪ್ರತಿ ವರ್ಷದ ಖರ್ಚೇ ಹಡಗಿನ ಆಯುಷ್ಯವನ್ನು ನಿರ್ಧರಿಸುತ್ತದೆ.

ವಿಕ್ರಾಂತ್ ಎಂಬ ಹೆಸರು ಮತ್ತೆ ಬಂದಿದೆ. ಕೊಚ್ಚಿಯಲ್ಲಿ ಕಟ್ಟಿದ ಹೊಸ ವಿಕ್ರಾಂತ್ 2022ರ ಸೆಪ್ಟೆಂಬರ್ 2ರಂದು ಸೇವೆಗೆ ಸೇರಿತು. ಹೆಸರನ್ನು ಮರಳಿ ತರಬಹುದು, ಹಡಗನ್ನು ತರಲಾಗದು. ಕಾರವಾರದಲ್ಲಿ ನೆಲೆ ಕಂಡ ವಿಕ್ರಮಾದಿತ್ಯಕ್ಕೂ ಒಂದಲ್ಲ ಒಂದು ದಿನ ನಿವೃತ್ತಿ ಬರುತ್ತದೆ. ಆಗ ಅದನ್ನು ಉಳಿಸಬೇಕೆ, ಉಳಿಸುವುದಾದರೆ ಎಲ್ಲಿ, ಯಾರ ದುಡ್ಡಿನಲ್ಲಿ ಎಂಬ ಪ್ರಶ್ನೆಗಳನ್ನು ಆ ದಿನ ಕೇಳಿದರೆ ಉತ್ತರ ಏನೆಂಬುದು ಈಗಾಗಲೇ ಗೊತ್ತಿದೆ. ದಾರೂಖಾನಾ ಮತ್ತು ಅಲಂಗ್ ಆ ಉತ್ತರವನ್ನು ಎರಡು ಸಲ ಕೊಟ್ಟಿವೆ. ಕೇಳಬೇಕಾದದ್ದು ಹಡಗು ಇನ್ನೂ ಕಡಲಿನಲ್ಲಿ ಓಡುತ್ತಿರುವಾಗಲೇ.